ಕೇಳಿದ್ದೂ ಬಂದದ್ದೂ

ತಿಂಗಳ ಮೊದಲ ವಾರದಲ್ಲಿ ದಿನಸಿ ಅಂಗಡಿಗೆ ಪಟ್ಟಿ ಬರೆದು ಕಳುಹಿಸುವ ಪದ್ಧತಿ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಗೃಹಿಣಿ ಹಿಂದಿನ ತಿಂಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಡಬ್ಬಗಳನ್ನು ಅಲುಗಿಸಿ ನೋಡಿ, ಬರಲಿರುವ ಹಬ್ಬವನ್ನು ನೆನೆದು, ಒಂದೊಂದೇ ಸಾಮಾನನ್ನು ಬರೆಯುತ್ತಾಳೆ. ಸಂಜೆಯ ವೇಳೆಗೆ ಅಂಗಡಿಯ ಹುಡುಗ ಮೂಟೆಯನ್ನು ತಂದಿಳಿಸಿ ಹೋಗುತ್ತಾನೆ. ಅಕ್ಕಿ ಬಂದಿದೆ, ಬೇಳೆ ಬಂದಿದೆ, ಬೆಲ್ಲ ಬಂದಿದೆ, ಮೂಟೆ ತುಂಬಿದೆ, ಮನಸ್ಸಿಗೂ ಸಮಾಧಾನ. ಆದರೆ ಪಟ್ಟಿಯಲ್ಲಿದ್ದ ಗಸಗಸೆ ಅಂಗಡಿಯಲ್ಲಿರಲಿಲ್ಲ. ಇಲ್ಲವೆಂದು ಹೇಳಿ ಕಳುಹಿಸುವಷ್ಟು ವ್ಯವಧಾನ ಅಂಗಡಿಯವನಿಗೂ ಇರಲಿಲ್ಲ. ಆ ಒಂದು ಸಾಲನ್ನು ಆತ ಸುಮ್ಮನೆ ಬಿಟ್ಟುಬಿಟ್ಟ. ಆ ಮೌನದ ಬೆಲೆ ತಿಳಿಯುವುದು ಹಬ್ಬದ ಬೆಳಗ್ಗೆ, ಪಾಯಸಕ್ಕೆ ಒಲೆ ಹಚ್ಚಿದ ಮೇಲೆ.

ಮೌನ ಸಮ್ಮತಿಯ ಲಕ್ಷಣವೆಂಬುದು ಹಿರಿಯರ ಮಾತು. ಮದುವೆಯ ಮಾತುಕತೆಗೆ ಅದು ಒಪ್ಪೀತು; ಲೆಕ್ಕಪತ್ರಕ್ಕೆ ಒಪ್ಪಲಾರದು. ಪಟ್ಟಿಯ ವ್ಯವಹಾರದಲ್ಲಿ "ಹಾಗೇ ಆಗಲಿ" ಎಂಬ ಮೌನಕ್ಕೂ "ಅದು ನಮ್ಮಲ್ಲಿಲ್ಲ" ಎಂಬ ಮೌನಕ್ಕೂ ಮುಖದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಈ ತೊಡಕು ಅಡಿಗೆಮನೆಗೆ ಮಾತ್ರ ಸೇರಿದ್ದೂ ಅಲ್ಲ. ಇಂದಿನ ಕಂಪ್ಯೂಟರುಗಳ ಒಳತಿರುಳನ್ನು ಕಟ್ಟುವ ನುರಿತ ಎಂಜಿನಿಯರುಗಳು ಬಹುಕಾಲದಿಂದ ಇದೇ ಮೌನದೊಡನೆ ಸೆಣಸುತ್ತ ಬಂದಿದ್ದಾರೆ.

ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂನ ನಡುಭಾಗಕ್ಕೆ ಕರ್ನಲ್ ಎಂದು ಹೆಸರು. ಕರ್ನಲ್ ಎಂದರೆ ತಿರುಳು. ಯಂತ್ರದ ಭಾಗಗಳಿಗೂ ಅದರ ಮೇಲೆ ನಡೆಯುವ ಕಾರ್ಯಕ್ರಮಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ನೆನಪಿನ ಸ್ಥಳ, ಯಾರಿಗೆ ಎಷ್ಟು ಹೊತ್ತು ಪ್ರೊಸೆಸರು, ಯಾವ ಕಡತ ಯಾರ ಕೈಗೆ ಎಂಬುದನ್ನೆಲ್ಲ ಹಂಚುವ ಯಜಮಾನಿಕೆ ಅದರದು. ಲಿನಕ್ಸ್ ಎಂಬ ಕರ್ನಲ್ ಇಂದು ಮನೆಮನೆಯ ಆಂಡ್ರಾಯ್ಡ್ ಫೋನುಗಳಲ್ಲಿದೆ. ಲೋಕದ ಅತಿ ವೇಗದ ೫೦೦ ಕಂಪ್ಯೂಟರುಗಳ ಪಟ್ಟಿಯನ್ನು ತೆಗೆದರೆ, ೨೦೧೭ರ ನವೆಂಬರಿನಿಂದ ಈಚೆಗೆ ಅದರಲ್ಲಿರುವುವೆಲ್ಲವೂ ಲಿನಕ್ಸ್ ಯಂತ್ರಗಳೇ. ಅಂಗೈಯ ಫೋನಿಗೂ ಕಟ್ಟಡವೊಂದನ್ನೇ ತುಂಬುವ ಯಂತ್ರಕ್ಕೂ ಮೂಲ ಒಂದೇ. ಮೂರು ಕೋಟಿ ಸಾಲುಗಳಿಗೂ ಮೀರಿದ ಆ ಮೂಲ ಬರಹದಿಂದ ಯಾವ ಯಂತ್ರಕ್ಕೆ ಏನೇನು ಬೇಕೋ ಅಷ್ಟನ್ನು ಮಾತ್ರ ಆರಿಸಿ ಕಟ್ಟಿಕೊಳ್ಳಬೇಕು. ಹಾಗೆ ಆರಿಸಿದ್ದನ್ನು ಬರೆದಿಡುವ ಪಟ್ಟಿಯೊಂದು ಉಂಟು. ಅದನ್ನು 'ಡಾಟ್ ಕಾನ್ಫಿಗ್' ಕಡತವೆಂದು ಕರೆಯುತ್ತಾರೆ. ಕರ್ನಲ್ ಕಟ್ಟುವ ಕಾರ್ಯಕ್ಕೆ ಅದೇ ದಿನಸಿಯ ಪಟ್ಟಿ.

ಆರಂಭದಲ್ಲಿ ಈ ಪಟ್ಟಿ ಬಹು ಚಿಕ್ಕದಾಗಿತ್ತು. ೧೯೯೧ರ ಸೆಪ್ಟೆಂಬರಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಮ್ಮ ಕರ್ನಲ್ಲಿನ ಮೊದಲ ರೂಪವನ್ನು ಹೊರತಂದಾಗ ಅದು ಸುಮಾರು ೧೦,೦೦೦ ಸಾಲುಗಳ ಬರಹ. ಅದರೊಳಗಿನ ಪುಟ್ಟ ಕಡತವೊಂದರಲ್ಲಿ ಟೊರ್ವಾಲ್ಡ್ಸರ ಡಿಸ್ಕಿಗೆ ಒಂದು ಹೆಸರು, ಅವರ ಮಿತ್ರರೊಬ್ಬರ ಡಿಸ್ಕಿಗೆ ಇನ್ನೊಂದು ಹೆಸರು. ಯಾವುದು ಬೇಕೋ ಅದನ್ನು ಉಳಿಸಿಕೊಂಡು ಮತ್ತೊಂದನ್ನು ಮರೆಮಾಡಿದರೆ ಆಯಿತು. ಇಬ್ಬರ ಮನೆಗೆ ಪಟ್ಟಿ ಏತಕ್ಕೆ? ಬಾಯಿಮಾತೇ ಸಾಕು.

ಸಂಸಾರ ಬೆಳೆಯಿತು. ಇಂದು ಈ ಕರ್ನಲ್ ಕೇಳಬಲ್ಲ ಪ್ರಶ್ನೆಗಳು ೧೫,೦೦೦ಕ್ಕೂ ಮಿಕ್ಕಿವೆ. ಈ ಸಂಖ್ಯೆಯ ಭಾರವನ್ನು ಅರಿಯಲು ಸಣ್ಣದೊಂದು ಗುಣಾಕಾರ ಸಾಕು. ಹತ್ತು ಪ್ರಶ್ನೆಗಳಿಗೆ ಹೌದು, ಅಲ್ಲ ಎಂದು ಉತ್ತರಿಸಲು ೧,೦೨೪ ಬಗೆಗಳಿವೆ. ಪ್ರಶ್ನೆಗಳು ಇಪ್ಪತ್ತಾದರೆ ಬಗೆಗಳು ಹತ್ತು ಲಕ್ಷವನ್ನು ಮೀರುತ್ತವೆ. ಮೂವತ್ತಮೂರಾದರೆ ೮೫೮ ಕೋಟಿಯನ್ನು ದಾಟುತ್ತವೆ; ಎಂದರೆ ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ ಒಂದೊಂದು ಬೇರೆ ಬೇರೆ ಕರ್ನಲ್ಲನ್ನು ಹಂಚಿ ಇನ್ನೂ ಉಳಿಸಿಕೊಳ್ಳಬಹುದು. ಹೀಗಿರುವಾಗ ಸಾವಿರಾರು ಪ್ರಶ್ನೆಗಳ ಮಾತೇನು! ಎಲ್ಲ ಬಗೆಗಳನ್ನೂ ಕಟ್ಟಿ ಪರೀಕ್ಷಿಸುತ್ತೇವೆಂಬ ಆಸೆಯನ್ನು ಮೊದಲೇ ಬಿಡಬೇಕು.

ಈ ಗೊಂದಲಕ್ಕೆ ಒಂದು ವ್ಯಾಕರಣವನ್ನು ಕೊಡುವ ಪ್ರಯತ್ನಗಳು ನಡೆದುವು. ೨೦೦೦ದಲ್ಲಿ ಎರಿಕ್ ರೇಮಂಡ್ ಹೊಸ ಭಾಷೆಯೊಂದನ್ನು ರೂಪಿಸಿ ಮುಂದಿಟ್ಟರು. ಬಹಳ ಚರ್ಚೆಯಾದರೂ ಅದು ಕರ್ನಲ್ಲಿನೊಳಗೆ ಸೇರಲಿಲ್ಲ. ೨೦೦೨ರ ಅಕ್ಟೋಬರಿನಲ್ಲಿ ರೋಮನ್ ಜಿಪ್ಪೆಲ್ ಎಂಬವರ ರಚನೆ ಸೇರಿತು. ಅದೇ ಇಂದಿಗೂ ಬಳಕೆಯಲ್ಲಿರುವ 'ಕೆಕಾನ್ಫಿಗ್' ಭಾಷೆ.

ಆ ಭಾಷೆಯಲ್ಲಿ ಅನೇಕ ಪ್ರಶ್ನೆಗಳಿಗೆ ಉತ್ತರ ಮೂರು ಬಗೆ. 'ವೈ' ಎಂದರೆ, ಈ ಭಾಗ ಕರ್ನಲ್ಲಿನೊಳಗೇ ಬೆರೆತಿರಲಿ. 'ಎಂ' ಎಂದರೆ, ಬೇರೆಯಾಗಿ ಕಟ್ಟಿಡಿ, ಬೇಕಾದಾಗ ಒಳಗೆ ಕರೆದುಕೊಳ್ಳೋಣ; ಇಂತಹ ಬಿಡಿಭಾಗಕ್ಕೆ ಮಾಡ್ಯೂಲ್ ಎಂದು ಹೆಸರು. 'ಎನ್' ಎಂದರೆ, ಬೇಡ. ಕೆಲವು ಪ್ರಶ್ನೆಗಳು ಇತರ ಪ್ರಶ್ನೆಗಳನ್ನು ಅವಲಂಬಿಸಿರುತ್ತವೆ. ದೈನಂದಿನ ಬಳಕೆಯ ಪೆನ್ ಡ್ರೈವನ್ನೇ ನೋಡಬಹುದು. ಅದಕ್ಕೆ ಬೇಕಾದ ಯುಎಸ್‌ಬಿ ಸ್ಟೋರೇಜ್ ಎಂಬ ಆಯ್ಕೆ ದೊರೆಯಬೇಕಾದರೆ ಸ್ಕಜಿ ಎಂಬ ಹಳೆಯ ಡಿಸ್ಕುಗಳ ಸಂಪ್ರದಾಯವನ್ನು ಮೊದಲು ಒಪ್ಪಿಕೊಂಡಿರಬೇಕು. ಹೊಸ ಸೊಸೆ ಹಳೆಯ ಅತ್ತೆಯ ಆಶ್ರಯದಲ್ಲಿ ಸಂಸಾರ ಹೂಡಿದಂತೆ, ಪೆನ್ ಡ್ರೈವಿನ ಸಂಸಾರ ನಡೆಯುವುದು ಸ್ಕಜಿಯ ಮನೆಯಲ್ಲಿ. ಇದನ್ನರಿಯದವನು ಪಟ್ಟಿಯಲ್ಲಿ ಯುಎಸ್‌ಬಿ ಸ್ಟೋರೇಜ್ ಬೇಕೆಂದು ಕೈಯಾರೆ ಬರೆದು ಸ್ಕಜಿಯನ್ನು ಬಿಟ್ಟರೆ ಏನಾಗುತ್ತದೆ? ಉಪಕರಣ ಪಟ್ಟಿಯನ್ನು ಓದುತ್ತದೆ. ಆಧಾರವಿಲ್ಲದ ಆ ಸಾಲನ್ನು ಕೈಬಿಟ್ಟು ಉಳಿದುದನ್ನು ಶುದ್ಧವಾಗಿ ಬರೆದಿಡುತ್ತದೆ. ಕರ್ನಲ್ ಯಾವ ದೋಷವೂ ಇಲ್ಲದೆ ಕಟ್ಟಿ ಮುಗಿಯುತ್ತದೆ. ಪೆನ್ ಡ್ರೈವು ಮಾತ್ರ ಕಾಣಿಸಿಕೊಳ್ಳುವುದಿಲ್ಲ. ಗಸಗಸೆಯ ಕಥೆಯೇ ಮತ್ತೆ ನಡೆಯಿತು.

ಇದಕ್ಕೆ ವಿರುದ್ಧವಾದ ಸ್ವಭಾವದ ಒಂದು ಆಜ್ಞೆಯೂ ಉಂಟು. ಅದು 'ಸೆಲೆಕ್ಟ್'. ಒಂದು ಆಯ್ಕೆ ಬಂದರೆ ತನ್ನೊಡನೆ ಮತ್ತೊಂದನ್ನು ಕಡ್ಡಾಯವಾಗಿ ಎಳೆದು ತರುತ್ತದೆ. ಎಳೆತಂದ ಆಯ್ಕೆಗೆ ಏನೇನು ಆಧಾರ ಬೇಕೆಂದು ವಿಚಾರಿಸುವುದಿಲ್ಲ. ಮದುವೆಗೆ ಬರುವ ನೆಂಟರು ಕರೆಯದ ಸ್ನೇಹಿತನನ್ನೂ ಜೊತೆಗೆ ಕರೆತಂದರೆ, ಆತನಿಗೆ ಹಾಸಿಗೆಯುಂಟೆ, ಎಲೆಯುಂಟೆ ಎಂದು ಯೋಚಿಸಬೇಕಾದವರು ಮನೆಯವರು. ಕರ್ನಲ್ಲಿನ ಕೈಪಿಡಿಯೇ ಈ ಆಜ್ಞೆಯನ್ನು ಎಚ್ಚರದಿಂದ ಬಳಸಬೇಕೆಂದು ಬುದ್ಧಿ ಹೇಳುತ್ತದೆ. ಸುದೈವದಿಂದ ಇಲ್ಲಿ ಉಪಕರಣ ಮೌನವಾಗಿರುವುದಿಲ್ಲ. ಆಧಾರ ಒದಗಿಲ್ಲವೆಂದು ಎಚ್ಚರಿಸುತ್ತದೆ.

ಹದಿನೈದು ಸಾವಿರ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆಯುವ ತಾಳ್ಮೆ ಯಾರಿಗೂ ಇಲ್ಲ. ಆದುದರಿಂದ ಪಟ್ಟಿಯನ್ನು ತಾನಾಗಿ ತಯಾರಿಸುವ ಹಲವು ಮಾರ್ಗಗಳನ್ನು ಉಪಕರಣದೊಳಗೇ ಇಟ್ಟಿದ್ದಾರೆ. 'ಡೆಫ್‌ಕಾನ್ಫಿಗ್' ಎಂದರೆ ಆಯಾ ಜಾತಿಯ ಯಂತ್ರಕ್ಕೆ ಹಿರಿಯರು ಸೂಚಿಸಿದ ಸಾಧಾರಣ ಪಟ್ಟಿ. 'ಆಲ್‌ಯೆಸ್‌ಕಾನ್ಫಿಗ್' ಸಾಧ್ಯವಾದುದಕ್ಕೆಲ್ಲ ಹೌದೆನ್ನುತ್ತದೆ. 'ಆಲ್‌ನೋಕಾನ್ಫಿಗ್' ಸಾಧ್ಯವಾದುದಕ್ಕೆಲ್ಲ ಬೇಡವೆನ್ನುತ್ತದೆ. 'ಓಲ್ಡ್‌ಕಾನ್ಫಿಗ್' ಹಳೆಯ ಪಟ್ಟಿಯನ್ನು ಓದಿ, ಹಿಂದೆ ಉತ್ತರ ಬರೆಯದ ಹೊಸ ಪ್ರಶ್ನೆಗಳನ್ನಷ್ಟೇ ಕೇಳುತ್ತದೆ. ೨೦೦೯ರಲ್ಲಿ ಬಂದ 'ಲೋಕಲ್‌ಮಾಡ್‌ಕಾನ್ಫಿಗ್' ಎಂಬುದು ಸ್ಟೀವನ್ ರಾಸ್ಟೆಡ್ ಅವರ ಕೊಡುಗೆ. ಈ ಕ್ಷಣದಲ್ಲಿ ಯಂತ್ರದೊಳಗೆ ಯಾವ ಯಾವ ಮಾಡ್ಯೂಲುಗಳು ಕೆಲಸದಲ್ಲಿವೆಯೋ ಅವನ್ನು ಮಾತ್ರ ಅದು ಉಳಿಸಿಕೊಳ್ಳುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸ ಇದರಿಂದ ಬೇಗ ಮುಗಿಯುತ್ತದೆ, ಉಪಕಾರವೇ ಸರಿ. ಆದರೆ ಆ ಹೊತ್ತಿಗೆ ಪೆನ್ ಡ್ರೈವನ್ನು ಯಂತ್ರಕ್ಕೆ ಸಿಕ್ಕಿಸದೆ ಇದ್ದರೆ, ಅದರ ಮಾಡ್ಯೂಲು ಪಟ್ಟಿಯಿಂದ ಬಿದ್ದುಹೋಗಬಹುದು. ಪಂಕ್ತಿಯಲ್ಲಿ ಕುಳಿತವರನ್ನು ಎಣಿಸಿ ಎಲೆ ಹಾಕಿದಂತಾಯಿತು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನಿಗೆ ಎಲೆಯಿಲ್ಲ.

ಹಳೆಯ ಪಟ್ಟಿಯನ್ನು ನಂಬಿ ನಡೆಯುವುದರ ಅಪಾಯಕ್ಕೆ ೨೦೧೮ರ ಪ್ರಸಂಗವೊಂದು ಒಳ್ಳೆಯ ನಿದರ್ಶನ. ಕರ್ನಲ್ಲಿಗೆ ಸ್ಟಾಕ್ ಪ್ರೊಟೆಕ್ಟರ್ ಎಂಬ ಕಾವಲೊಂದಿದೆ. ಕೆಲಸದ ನಡುವೆ ಎಲ್ಲಿಗೆ ಹಿಂದಿರುಗಬೇಕೆಂದು ಗುರುತು ಹಾಕಿಕೊಂಡ ಸ್ಥಳದ ಮುಂದೆ ಗುಟ್ಟಿನ ಮೊಹರೊಂದನ್ನು ಒತ್ತಿಟ್ಟು, ಯಾರಾದರೂ ಆ ಸ್ಥಳವನ್ನು ಒತ್ತುವರಿ ಮಾಡಿ ಮೊಹರನ್ನು ಕೆಡಿಸಿದ್ದರೆ ಕೂಡಲೇ ಯಂತ್ರವನ್ನು ತಡೆಯುವುದು ಅದರ ಕೆಲಸ. ದುರುದ್ದೇಶದವರ ಒಂದು ಹಳೆಯ ಉಪಾಯಕ್ಕೆ ಅದು ಅಡ್ಡಗೋಡೆ. ಈ ಕಾವಲಿನಲ್ಲಿ ಸಾಧಾರಣ, ಪ್ರಬಲ ಎಂದು ಎರಡು ದರ್ಜೆಗಳು. ಆ ವರ್ಷದ ಆರಂಭದಲ್ಲಿ 'ಆಟೋ' ಎಂಬ ಮೂರನೆಯ ಉತ್ತರವನ್ನೂ ಇಟ್ಟಿದ್ದರು. "ದೊರೆತುದರಲ್ಲಿ ಅತ್ಯಂತ ಪ್ರಬಲವಾದುದನ್ನು ನೀನೇ ಆರಿಸಿಕೋ" ಎಂದು ಅದರ ಅರ್ಥ.

ಕೆಲವು ತಿಂಗಳ ಅನಂತರ, ಕಂಪೈಲರಿನ ಸಾಮರ್ಥ್ಯವನ್ನು ಕೆಕಾನ್ಫಿಗ್ ತಾನೇ ಪರೀಕ್ಷಿಸಬಲ್ಲದಾದುದರಿಂದ, 'ಆಟೋ' ಅನಾವಶ್ಯಕವೆಂದು ತೆಗೆದುಹಾಕಿದರು. ಕೆಲಸವೇನೋ ಅಚ್ಚುಕಟ್ಟಾಗಿಯೇ ಆಯಿತು. ಆದರೆ ಜನರ ಬಳಿಯಿದ್ದ ಹಳೆಯ ಪಟ್ಟಿಗಳಲ್ಲಿ 'ಆಟೋ' ಎಂಬುದಕ್ಕೆ ಹೌದೆಂದೂ, ಆ ಕಾರಣಕ್ಕಾಗಿಯೇ 'ಪ್ರಬಲ' ಎಂಬುದಕ್ಕೆ ಬೇಡವೆಂದೂ ಬರೆದಿತ್ತು. ಹೊಸ ಉಪಕರಣ ಪಟ್ಟಿಯನ್ನು ಓದಿತು. 'ಆಟೋ' ಎಂಬ ಹೆಸರು ಅದಕ್ಕೆ ತಿಳಿಯದು, ಬಿಟ್ಟುಬಿಟ್ಟಿತು. 'ಪ್ರಬಲ' ಬೇಡವೆಂಬುದು ಸ್ಪಷ್ಟವಾಗಿಯೇ ಬರೆದಿದೆ, ಪಾಲಿಸಿತು. ಹೀಗೆ, ಅತ್ಯಂತ ಪ್ರಬಲವಾದ ಕಾವಲು ಬೇಕೆಂದು ಕೇಳಿದ್ದವರಿಗೆ ದುರ್ಬಲವಾದುದು ದೊರೆಯುವ ಪ್ರಸಂಗ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಅಜ್ಞೆ ಮೀರಿರಲಿಲ್ಲ.

ಜೂನ್ ತಿಂಗಳಲ್ಲಿ ಟೊರ್ವಾಲ್ಡ್ಸರೇ ಇದನ್ನು ಗಮನಿಸಿದರು. ಅವರು ಮಾಡಿದ ಪರಿಹಾರ ಬಲು ಸರಳ. ಆಯ್ಕೆಗಳ ಹೆಸರಿನ ಮುಂದಿದ್ದ 'ಸಿಸಿ' ಎಂಬ ಎರಡಕ್ಷರಗಳನ್ನು ತೆಗೆದು ಹೆಸರನ್ನೇ ಬದಲಿಸಿದರು. ಹೆಸರು ಬೇರೆಯಾದ್ದರಿಂದ ಹಳೆಯ 'ಬೇಡ' ಅದಕ್ಕೆ ಅನ್ವಯಿಸಲಿಲ್ಲ. ಉಪಕರಣ ಪ್ರತಿಯೊಬ್ಬರನ್ನೂ ಹೊಸದಾಗಿ ಕೇಳಬೇಕಾಯಿತು. ತಪ್ಪಾಗಿ ನೆನಪಿಟ್ಟುಕೊಂಡ ಉತ್ತರಕ್ಕಿಂತ ಮತ್ತೊಮ್ಮೆ ಕೇಳಿದ ಪ್ರಶ್ನೆ ಮೇಲು.

ಪಟ್ಟಿ ಸರಿಯಾಗಿದ್ದು ಅದನ್ನು ಓದುವ ಕಡೆಯೇ ಹೆಸರು ತಪ್ಪಿದ ಉದಾಹರಣೆಯೂ ಇದೆ. ಜರ್ಮನಿಯ ಎರ್ಲಾಂಗನ್-ನ್ಯೂರೆಂಬರ್ಗ್ ವಿಶ್ವವಿದ್ಯಾನಿಲಯದ ಸಂಶೋಧಕರು ಕರ್ನಲ್ಲಿನ ಆಯ್ಕೆಗಳನ್ನೂ ಮೂಲ ಬರಹವನ್ನೂ ತರ್ಕಸೂತ್ರಗಳಾಗಿ ಬದಲಿಸಿ ಒಂದಕ್ಕೊಂದು ತಾಳೆ ನೋಡುವ ಉಪಕರಣವನ್ನು ರಚಿಸಿದರು. ೨೦೧೧ರಲ್ಲಿ ಸಾಲ್ಸ್‌ಬರ್ಗಿನ ಸಮ್ಮೇಳನದಲ್ಲಿ ಅವರು ಮಂಡಿಸಿದ ಪ್ರಬಂಧದ ಪ್ರಕಾರ, ಲಿನಕ್ಸಿನ ಹಲವು ಆವೃತ್ತಿಗಳಲ್ಲಿ ಇಂತಹ ೧,೭೭೬ ಅಸಾಂಗತ್ಯಗಳು ಕಂಡುಬಂದುವು. ಅವುಗಳಲ್ಲೊಂದು ಬಹು ಸ್ವಾರಸ್ಯವಾದುದು. ಯಂತ್ರ ನಡೆಯುತ್ತಿರುವಾಗಲೇ ಪ್ರೊಸೆಸರನ್ನು ಸೇರಿಸುವ, ಬಿಡಿಸುವ ಸೌಲಭ್ಯಕ್ಕೆ 'ಹಾಟ್‌ಪ್ಲಗ್ ಸಿಪಿಯು' ಎಂಬ ಆಯ್ಕೆಯಿದೆ. ಒಂದು ಕಡತದಲ್ಲಿ ಮಾತ್ರ ಅದನ್ನು 'ಸಿಪಿಯು ಹಾಟ್‌ಪ್ಲಗ್' ಎಂದು ಹಿಂದುಮುಂದಾಗಿ ಬರೆದಿದ್ದರು. ಆ ಹೆಸರಿನ ಆಯ್ಕೆಯೇ ಇಲ್ಲ. ಇಲ್ಲದ ಹೆಸರನ್ನು ಕಂಪೈಲರು ತಪ್ಪೆಂದು ಭಾವಿಸುವುದಿಲ್ಲ; ಬೇಡವೆಂದು ಭಾವಿಸುತ್ತದೆ. ಆ ಸೌಲಭ್ಯ ಬೇಕೆಂದು ಬರೆದವರ ಕರ್ನಲ್ಲಿನಲ್ಲೂ ಅದಕ್ಕೆ ಅವಶ್ಯಕವಾದ ಸಾಲುಗಳು ತಿಂಗಳುಗಟ್ಟಲೆ ಹೊರಗೇ ಉಳಿದುವು. 'ಎಲ್ಲ ಜಾಣ, ತುಸು ಕೋಣ' ಎಂಬ ಗಾದೆ ಯಂತ್ರಗಳಿಗೂ ಒಪ್ಪುವಂತಿದೆ.

ಹಾಗಾದರೆ ಪಟ್ಟಿ ಸರಿಯಾಗಿದೆಯೆಂದು ನಿರ್ಣಯಿಸುವುದು ಹೇಗೆ? ಪರೀಕ್ಷೆಗೆ ಮೂರು ಮೆಟ್ಟಿಲುಗಳುಂಟು.

ಮೊದಲನೆಯದು, ಕೇಳಿದ್ದಕ್ಕೂ ಬಂದದ್ದಕ್ಕೂ ತಾಳೆ ನೋಡುವುದು. ತುಣುಕು ಪಟ್ಟಿಗಳನ್ನು ಒಂದುಗೂಡಿಸುವ 'ಮರ್ಜ್ ಕಾನ್ಫಿಗ್' ಎಂಬ ಸಾಧನ ಕರ್ನಲ್ಲಿನ ಜೊತೆಗೇ ಬರುತ್ತದೆ. ಒಂದುಗೂಡಿಸಿದ ಮೇಲೆ, ಬೇಡಿಕೆಯಲ್ಲಿದ್ದು ಅಂತಿಮ ಪಟ್ಟಿಯಲ್ಲಿಲ್ಲದ ಪ್ರತಿಯೊಂದು ಆಯ್ಕೆಯನ್ನೂ ಅದು ಹೆಸರು ಹಿಡಿದು ಹೇಳುತ್ತದೆ. ಕೇಳಿದ ಬೆಲೆ ಇಷ್ಟು, ಬಂದ ಬೆಲೆ ಇಷ್ಟು ಎಂದು ಅಕ್ಕಪಕ್ಕದಲ್ಲಿ ತೋರಿಸುತ್ತದೆ. ತಿಳಿಯದ ಹೆಸರು ಕಂಡಾಗ ಸುಮ್ಮನಿರದೆ ಎಚ್ಚರಿಸೆಂದು ಕೆಕಾನ್ಫಿಗ್‌ಗೆ ಆಜ್ಞಾಪಿಸುವ ಅನುಕೂಲ ಸೇರಿದ್ದು ೨೦೨೩ರಲ್ಲಿ. ಎಂದರೆ ಜಿಪ್ಪೆಲ್ ಅವರ ಭಾಷೆ ಬಂದು ಇಪ್ಪತ್ತು ವರ್ಷಗಳು ಕಳೆದ ಮೇಲೆ. ಅದು ಕೂಡ ಕೇಳಿದವರಿಗೆ ಮಾತ್ರ; ಕೇಳದವರಿಗೆ ಹಿಂದಿನ ಮೌನವೇ.

ಎರಡನೆಯದು, ಕಟ್ಟಿ ನೋಡುವುದು. 'ರ‍್ಯಾಂಡ್‌ಕಾನ್ಫಿಗ್' ಎಂಬ ಆಜ್ಞೆ ನಿಯಮಗಳ ಮಿತಿಯೊಳಗೆ ಕಣ್ಣುಮುಚ್ಚಿ ಉತ್ತರಗಳನ್ನು ಆರಿಸಿ ಪಟ್ಟಿ ತಯಾರಿಸುತ್ತದೆ. ಯಾವ ಬುದ್ಧಿವಂತನಿಗೂ ತೋಚದ ವಿಚಿತ್ರ ಜೋಡಿಗಳು ಆಗ ಎದುರಾಗುತ್ತವೆ. ಅಡಗಿದ್ದ ದೋಷಗಳು ಹೊರಬೀಳುತ್ತವೆ. ಅದೃಷ್ಟದ ಬೀಜಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅದೇ ಪಟ್ಟಿಯನ್ನು ಮತ್ತೆ ಪಡೆಯಲೂಬಹುದು. ಹಗಲಿರುಳು ಇದನ್ನೇ ಮಾಡುತ್ತ, ದೋಷ ಕಂಡಕೂಡಲೇ ಕಾರಣರಾದವರಿಗೆ ಓಲೆ ಬರೆಯುವ ಯಂತ್ರಗಳನ್ನು ಹಲವು ಸಂಸ್ಥೆಗಳು ನಿಲ್ಲಿಸಿವೆ.

ಮೂರನೆಯದು, ನಡೆಸಿ ನೋಡುವುದು. ಇದನ್ನು ಬಿಟ್ಟರೆ ಮೊದಲೆರಡು ಮೆಟ್ಟಿಲುಗಳನ್ನು ಹತ್ತಿಯೂ ಪ್ರಯೋಜನವಿಲ್ಲ. ಯುಎಸ್‌ಬಿ ಸ್ಟೋರೇಜಿನೊಡನೆ ಸ್ಕಜಿಯನ್ನೂ ಮರೆಯದೆ ಬರೆದವನು, ಸ್ಕಜಿ ಡಿಸ್ಕ್ ಎಂಬ ಮತ್ತೊಂದು ಆಯ್ಕೆಯನ್ನು ಮರೆತಿರಬಹುದು. ನಿಯಮದ ಪ್ರಕಾರ ಪಟ್ಟಿ ಶುದ್ಧ. ಆದರೆ ಪೆನ್ ಡ್ರೈವಿನಲ್ಲಿರುವ ಡಿಸ್ಕು ಕಾಣದು. ಇನ್ನೊಬ್ಬನು ತನ್ನ ಡಿಸ್ಕಿನ ಬರಹವನ್ನು ಓದಬಲ್ಲ 'ಎಕ್ಸ್‌ಟಿ-೪' ಎಂಬ ಭಾಗಕ್ಕೆ 'ವೈ' ಎನ್ನುವ ಬದಲು 'ಎಂ' ಎಂದು ಬರೆದು, ಆರಂಭದಲ್ಲಿ ನೆರವಾಗುವ ಪುಟ್ಟ ಕಡತಗಂಟನ್ನೂ ಕೊಡದೆ ಬಿಟ್ಟಿರಬಹುದು. ಆಗ ಡಿಸ್ಕನ್ನು ಓದುವ ಮಾಡ್ಯೂಲು ಆ ಡಿಸ್ಕಿನೊಳಗೇ ಇರುತ್ತದೆ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಒತ್ತಿದಂತೆ. ಪಟ್ಟಿಯಲ್ಲಿ ದೋಷವಿಲ್ಲ, ಕಟ್ಟುವಿಕೆಯಲ್ಲಿ ದೋಷವಿಲ್ಲ. ಯಂತ್ರ ಮಾತ್ರ ಏಳುವುದಿಲ್ಲ. ಶುದ್ಧವಾದುದೆಲ್ಲ ಯೋಗ್ಯವಾದುದೆಂದು ಹೇಳಲಾಗದು. ವ್ಯಾಕರಣದ ತಪ್ಪಿಲ್ಲದೆಯೂ ಅಸಂಬದ್ಧವಾದ ವಾಕ್ಯವನ್ನು ಬರೆಯಬಹುದಷ್ಟೆ.

ನಿಯಮಗಳನ್ನು ಎಷ್ಟೇ ಬಿಗಿಯಾಗಿ ಹೆಣೆದರೂ, ಬರೆದವನ ಮನಸ್ಸಿನಲ್ಲಿ ಏನಿತ್ತೆಂಬುದು ಉಪಕರಣಕ್ಕೆ ತಿಳಿಯುವುದಿಲ್ಲ. ಪಟ್ಟಿಯ ಸಾಲು ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ಹಬ್ಬವಾಗಲಿ ಪಾಯಸವಾಗಲಿ ಅದರ ಲೆಕ್ಕದಲ್ಲಿಲ್ಲ. ಆದುದರಿಂದಲೇ ಅನುಭವಸ್ಥರು ಹಳೆಯ ಪಟ್ಟಿಯನ್ನು ಎಸೆಯುವುದಿಲ್ಲ. ಹೊಸದನ್ನು ಅದರ ಪಕ್ಕದಲ್ಲಿಟ್ಟು, ಏನು ಸೇರಿತು, ಏನು ಬಿಟ್ಟುಹೋಯಿತು ಎಂದು ಸಾಲುಸಾಲಾಗಿ ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತಾರೆ.

ಮನೆಯ ಹಿರಿಯ ಹೆಂಗಸರಿಗೆ ಈ ಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ. ಅವರು ಪಟ್ಟಿಯ ಇನ್ನೊಂದು ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತಾರೆ. ಮೂಟೆ ಬಂದೊಡನೆ ಅದನ್ನು ಬಿಚ್ಚಿ, ಒಂದೊಂದೇ ಪೊಟ್ಟಣವನ್ನು ಎತ್ತಿಟ್ಟು, ಪಟ್ಟಿಗೆ ಗುರುತು ಹಾಕುತ್ತ ಹೋಗುತ್ತಾರೆ. ಗುರುತು ಬೀಳದ ಸಾಲು ಕಂಡಾಗ ತಲೆಯೆತ್ತಿ ಕೇಳುತ್ತಾರೆ: "ಗಸಗಸೆ ಎಲ್ಲಪ್ಪಾ?" ಅಂಗಡಿಯ ಹುಡುಗ ಅಷ್ಟರವರೆಗೆ ಬಾಗಿಲಲ್ಲಿ ನಿಂತಿರಬೇಕು, ಅವನನ್ನು ಮೊದಲೇ ಕಳುಹಿಸಿಬಿಡಬಾರದು.